ಪದಬಂಧದಲ್ಲಿ ‘ಆಡುಮಾತಿನ ಒಪ್ಪಿಗೆ’ ಬಂದರೆ, ‘ಸರಿ’ ಬರೆಯುವ ಮೊದಲು

ನಾವು ಒಂದಿಷ್ಟು ಜನ ಸೇರಿ ಮಡಿಕೇರಿಯಲ್ಲಿ ತಿಂಗಳಿಗೊಮ್ಮೆ ನಾಲ್ಕು ಪುಟದ ಹಾಳೆಯೊಂದನ್ನು ಹೊರಡಿಸುತ್ತೇವೆ. ಕೊನೇ ಪುಟದ ಪದಬಂಧ ನನ್ನ ಪಾಲು. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಮನೆಯೊಳಗೇ ಕೂತವರು ಅದನ್ನು ತುಂಬುತ್ತಾರೆ, ತುಂಬಲಾಗದಿದ್ದರೆ ನನಗೆ ಫೋನ್ ಮಾಡುತ್ತಾರೆ. ಹೋದ ಸಲ ಬಂದ ಫೋನೆಲ್ಲ ಒಂದೇ ಸುಳಿವಿನ ಬಗ್ಗೆ: ‘ಆಡುಮಾತಿನ ಒಪ್ಪಿಗೆ (2)’. ಕಂಸದೊಳಗಿನ ಅಂಕಿ ಉತ್ತರಕ್ಕೆ ಎಷ್ಟು ಚೌಕ ಅನ್ನುವುದರ ಲೆಕ್ಕ.

ಪಕ್ಕದ ಮನೆಯ ಟೀಚರಮ್ಮ ಹಾಳೆ ಹಿಡಿದುಕೊಂಡೇ ಬಂದರು. ಪೆನ್ನಿನಲ್ಲಿ ‘ಸರಿ’ ಅಂತ ಬರೆದಾಗಿತ್ತು. ಅದರ ಮೊದಲ ಅಕ್ಷರದಿಂದ ಕೆಳಕ್ಕೆ ‘ದುಬಾರೆ ಶಿಬಿರದ ನಿವಾಸಿ (2)’. ‘ಸ’ ಬಂದಿದೆ, ಅಂದರೆ ‘ಸಲಗ’ ಅಂದುಕೊಂಡು, ಒಂದೇ ಚೌಕದಲ್ಲಿ ‘ಲಗ’ ಅಂತ ಎರಡಕ್ಷರ ತುರುಕಿದ್ದರು. ಎರಡನೇ ಅಕ್ಷರದಲ್ಲಿ ಮುಗಿಯುವ ಸುಳಿವು ‘ಮಳೆ ಬಂತು, ಕರೆಂಟ್ ... (2)’. ಅಲ್ಲಿ ಅವರಿಗೆ ಸಿಕ್ಕಿದ್ದು ‘ಹೋರಿ’. “ಮಳೆ ಬಂತು, ಕರೆಂಟ್ ಹೋರಿ. ಎಂತ ಇದು? ನಿಮ್ಮ ಸುಳಿವೇ ತಪ್ಪು” ಅಂದರು.

ಸುಳಿವು ತಪ್ಪಿರಲಿಲ್ಲ. ಒಪ್ಪಿಗೆ ಅಂದ ತಕ್ಷಣ ಕೈ ‘ಸರಿ’ ಅಂತ ಬರೆದುಬಿಡುತ್ತದೆ, ತೊಂದರೆ ಇರುವುದು ಅಲ್ಲಿ. ಈ ಒಂದು ಬಗೆಯ ಸುಳಿವನ್ನು ಬಿಡಿಸುವುದು ಹೇಗೆ, ಯಾವ ಹಂತ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಕೈಗೆ ಏನೇನು ಬೇಕು

ಪೆನ್ಸಿಲ್, ರಬ್ಬರು, ಒಂದು ಚೂರು ಕಾಗದ. ಪೆನ್ನು ಬೇಡ. ಈ ಸುಳಿವಿಗಂತೂ ಪೆನ್ನು ಬೇಡವೇ ಬೇಡ, ಯಾಕೆಂದರೆ ಎರಡಕ್ಷರದ ಒಪ್ಪಿಗೆಗಳೇ ಕನ್ನಡದಲ್ಲಿ ಹತ್ತಾರಿವೆ.

ನಿಘಂಟು ಇದ್ದರೆ ಇರಲಿ, ಆದರೆ ಜಾಸ್ತಿ ನೆಚ್ಚಿಕೊಳ್ಳಬೇಡಿ. ‘ಆಯ್ತು’ ಅಂತ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಅದು ‘ಆಗು’ ಎಂಬ ಧಾತುವಿನ ಮನೆಯಲ್ಲಿ ಅಡಗಿ ಕೂತಿರುತ್ತದೆ. ಆಡುಮಾತಿನ ರೂಪಗಳಿಗೆ ನಿಘಂಟಿಗಿಂತ ಕಿವಿಯೇ ಮೇಲು. ಬಸ್ಸಿನಲ್ಲಿ, ಸಂತೆಯಲ್ಲಿ, ಕಾಫಿ ಕಣದಲ್ಲಿ ಜನ ಹೇಗೆ ಒಪ್ಪುತ್ತಾರೆ ಅನ್ನುವುದನ್ನು ನೆನಪಿಸಿಕೊಳ್ಳಿ.

ಹಂತ 1: ಕೇಳುತ್ತಿರುವುದು ಹೆಸರೋ, ಬಾಯಿಂದ ಬರುವ ಮಾತೋ?

‘ಒಪ್ಪಿಗೆ’ ಅಂತ ಮಾತ್ರ ಇದ್ದರೆ ಉತ್ತರ ನಾಮಪದ ಆಗಿರಬಹುದು: ಸಮ್ಮತಿ, ಅನುಮತಿ, ಅಂಗೀಕಾರ. ‘ಒಪ್ಪಂದ’ ಅಂತಿದ್ದರೆ ಕರಾರು. ಇವು ಒಪ್ಪಿಗೆಯ ಹೆಸರುಗಳು. ಯಾರೂ ಮನೆಯಲ್ಲಿ “ಊಟಕ್ಕೆ ಬಾ” ಅಂದಾಗ “ಸಮ್ಮತಿ” ಅನ್ನುವುದಿಲ್ಲ ಅಲ್ವಾ?

ಸುಳಿವಿನಲ್ಲಿ ‘ಆಡುಮಾತಿನ’, ‘ಬಾಯಿಮಾತಿನ’, ‘ಗ್ರಾಮ್ಯ’, ‘ಹೀಗಂದರೆ’, ‘ಅಂದ’ ಇಂಥ ಯಾವುದಾದರೂ ಪದ ಇದೆಯಾ ನೋಡಿ. ಇದ್ದರೆ ಉತ್ತರ ಬಾಯಿಂದ ಬರುವ ಮಾತು. ಸುಳಿವೇ ಉದ್ಧರಣ ಚಿಹ್ನೆಯೊಳಗಿದ್ದರೂ ಅಷ್ಟೇ. “ಆಗಬಹುದು, ಬರ್ತೀನಿ” ಅಂತ ಸುಳಿವು ಕೊಟ್ಟರೆ, ಅದರ ಜಾಗದಲ್ಲಿ ಹೇಳಬಹುದಾದ ಇನ್ನೊಂದು ಮಾತನ್ನು ನಾನು ಕೇಳುತ್ತಿದ್ದೇನೆ.

ಪರೀಕ್ಷೆ ಸುಲಭ. ಒಂದು ಪ್ರಶ್ನೆ ಹಾಕಿಕೊಳ್ಳಿ: “ನಾಳೆ ಕಾಫಿ ಕೊಯ್ಯೋಕೆ ಬರ್ತೀಯಾ?” ನಿಮ್ಮ ಉತ್ತರವನ್ನು ಅದರ ಮುಂದೆ ಜೋರಾಗಿ ಹೇಳಿ ನೋಡಿ. ಕಿವಿಗೆ ಹಿತವಾಗಿ ಕೇಳಿದರೆ ಮುಂದಿನ ಹಂತ.

ಹಂತ 2: ಯಾವ ಬಗೆಯ ಒಪ್ಪಿಗೆ?

ಎಲ್ಲರೂ ಹಾರಿಸುವ ಹಂತ ಇದು. ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ಕನ್ನಡದಲ್ಲಿ ಒಪ್ಪುವುದು ಒಂದೇ ಕೆಲಸವಲ್ಲ, ಕಡೇಪಕ್ಷ ನಾಲ್ಕು ಕೆಲಸ.

ಒಂದು, ಇರುವ ಸಂಗತಿಯನ್ನು ಒಪ್ಪುವುದು. “ನಿಮ್ಮ ಮನೆ ವಿರಾಜಪೇಟೆಯಲ್ಲಾ?” “ಹೌದು.” ಇಲ್ಲಿ “ಆಗಲಿ” ಅಂದರೆ ಕೇಳಿದವರು ಮುಖ ನೋಡುತ್ತಾರೆ.

ಎರಡು, ಹೇಳಿದ ಕೆಲಸಕ್ಕೆ ಒಪ್ಪುವುದು. “ಸಂಜೆ ಹಾಲು ತಗೊಂಡು ಬಾ.” “ಸರಿ”, “ಆಯ್ತು”, “ಆಗ್ಲಿ”, “ಓಕೆ”. ಇಲ್ಲಿ “ಹೌದು” ಅನ್ನಲಾಗದು. ಹೇಳಿದವರು ಅಪ್ಪಣೆ ಕೊಟ್ಟದ್ದು, ಪ್ರಶ್ನೆ ಕೇಳಿದ್ದಲ್ಲ.

ಮೂರು, ಕೇಳುತ್ತಿದ್ದೇನೆ ಅನ್ನುವ ಒಪ್ಪಿಗೆ. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ‘ಹೂಂ, ಹೂಂ’ ಅನ್ನಬೇಕು. ನಿಲ್ಲಿಸಿದರೆ ಅಜ್ಜಿ ಕಥೆ ನಿಲ್ಲಿಸುತ್ತಾಳೆ. ಆ ‘ಹೂಂ’ನಲ್ಲಿ ಒಪ್ಪಿಗೆಗಿಂತ ಎಚ್ಚರವೇ ಜಾಸ್ತಿ. ಫೋನಿನಲ್ಲಿ ‘ಹಾಂ, ಹಾಂ’ ಅನ್ನುವುದೂ ಇದೇ ಜಾತಿ.

ನಾಲ್ಕು, ದೊಡ್ಡವರು ಚಿಕ್ಕವರಿಗೆ ದಯಪಾಲಿಸುವುದು: ಅಸ್ತು, ತಥಾಸ್ತು. ನಾಟಕದ ಮಾತಾದರೂ ತಮಾಷೆಗೆ ಮನೆಮನೆಯಲ್ಲೂ ಬಳಕೆಯಲ್ಲಿದೆ. ‘ದೇವರ ಓಕೆ (3)’ ಅಂತ ನಾನೊಮ್ಮೆ ಕೊಟ್ಟಿದ್ದೆ. ಬಹಳ ಜನ ಬಿಡಿಸಿದರು.

ಸುಳಿವಿನಲ್ಲಿ ಯಾರು ಯಾರಿಗೆ ಒಪ್ಪುತ್ತಿದ್ದಾರೆ ಅಂತ ಸಾಮಾನ್ಯವಾಗಿ ಸೂಚನೆ ಇರುತ್ತದೆ. ‘ಅಪ್ಪಣೆಗೆ’ ಅಂತಿದ್ದರೆ ಎರಡನೇ ಗುಂಪು. ‘ನಿಜ ಅಂದಂತೆ’ ಅಂತಿದ್ದರೆ ಮೊದಲನೆಯದು. ಸೂಚನೆಯೇ ಇಲ್ಲದಿದ್ದರೆ ಪೆನ್ಸಿಲಿನಲ್ಲಿ ಎರಡೂ ಗುಂಪಿನ ಪದಗಳನ್ನು ಚೂರು ಕಾಗದದ ಮೇಲೆ ಬರೆದಿಡಿ. ಚೌಕದಲ್ಲಿ ಇನ್ನೂ ಏನೂ ಬರೆಯಬೇಡಿ.

ಹಂತ 3: ಚೌಕ ಎಣಿಸಿ, ಆದರೆ ಅಕ್ಷರದ ಲೆಕ್ಕದಲ್ಲಿ

ಒಂದು ಚೌಕಕ್ಕೆ ಒಂದು ಅಕ್ಷರ. ಒತ್ತು, ಗುಣಿತ, ಸೊನ್ನೆ ಎಲ್ಲ ಅದರೊಳಗೇ. ಆದ್ದರಿಂದ ‘ಹೂಂ’ ಒಂದೇ ಚೌಕ. ‘ಆಯ್ತು’ ಎರಡು: ಆ, ಯ್ತು. ಅದನ್ನೇ ಬಿಡಿಸಿ ‘ಆಯಿತು’ ಅಂದರೆ ಮೂರು. ‘ಆಗಲಿ’ ಮೂರು, ‘ಆಗ್ಲಿ’ ಎರಡು. ಸುಳಿವಿನಲ್ಲಿ ‘ಆಡುಮಾತಿನ’ ಅನ್ನುವ ಪದ ಇದ್ದರೆ ಕೂಡಿಸಿ ಹೇಳುವ ಗಿಡ್ಡ ರೂಪವನ್ನೇ ಮೊದಲು ನೋಡಿ. ಇಲ್ಲದಿದ್ದರೆ ಉದ್ದ ರೂಪ.

ಎರಡು ಚೌಕಕ್ಕೆ ಬರುವವು: ಸರಿ, ಹೌದು, ಆಯ್ತು, ಆಗ್ಲಿ, ಓಕೆ, ಹೂನು, ಅಸ್ತು, ಆತು, ಹೌದ್ರಿ, ರೈಟ್.

ಮೂರಕ್ಕೆ: ಆಯಿತು, ಆಗಲಿ, ಹೂನಪ್ಪ, ಆಯ್ತಪ್ಪ, ಹೌದಪ್ಪ, ಹೌದೌದು, ಖಂಡಿತ, ತಥಾಸ್ತು, ಆಗ್ಬೋದು.

ನಾಲ್ಕಕ್ಕೆ: ಅಡ್ಡಿಯಿಲ್ಲ, ಸರಿಸರಿ, ಜೀಹುಜೂರ್. ಐದಾದರೆ ‘ಆಗಬಹುದು’ ಒಂದನ್ನೇ ನಾನು ಹೆಚ್ಚಾಗಿ ಬಳಸಿರುವುದು.

ಒಂದೇ ಚೌಕದ ಪದವನ್ನು ಪದಬಂಧದಲ್ಲಿ ಇಡುವ ರೂಢಿಯಿಲ್ಲ. ಹಾಗಾಗಿ ‘ಹೂಂ’ ಒಂಟಿಯಾಗಿ ಬರುವುದಿಲ್ಲ, ಬಾಲ ಕಟ್ಟಿಕೊಂಡೇ ಬರುತ್ತದೆ. ತಲೆ ಕಟ್ಟಿಕೊಂಡು ಬಂದರೆ ಹುಷಾರು: ‘ಊಹೂಂ’ ಅಂದರೆ ನಿರಾಕರಣೆ!

ಕೊನೆಯಲ್ಲಿ ಅರ್ಧಾಕ್ಷರ ಬರುವ ‘ರೈಟ್’ ಥರದ ಪದಗಳಲ್ಲಿ ‘ಟ್’ಗೆ ಪೂರ್ತಿ ಒಂದು ಚೌಕ. ಇದು ಅನೇಕರಿಗೆ ಗೊತ್ತಿರುವುದಿಲ್ಲ. ಬಸ್ ಕಂಡಕ್ಟರ್ ಬಗ್ಗೆ ಸುಳಿವಿದ್ದರೆ ‘ರೈಟ್’ ನೆನಪಿಡಿ. ನಾನು ಅದನ್ನು ‘ಟಿಕೆಟ್’ ಜೊತೆ ಕೊನೆಯ ‘ಟ್’ನಲ್ಲಿ ಕೂಡಿಸಿದ್ದೇನೆ. ಅದಕ್ಕಿಂತ ಹೊಂದುವ ಜೋಡಿ ಎಲ್ಲಿ ಸಿಗಬೇಕು!

ಹಂತ 4: ಅಡ್ಡ ಹಾಯುವ ಪದವನ್ನು ಮೊದಲು ಬಿಡಿಸಿ

ಈಗಲೂ ಒಪ್ಪಿಗೆಯನ್ನು ಬರೆಯಬೇಡಿ. ಅದನ್ನು ದಾಟಿ ಹೋಗುವ ಪದಗಳಲ್ಲಿ ಒಂದನ್ನಾದರೂ ಮೊದಲು ಬಿಡಿಸಿ. ಅಲ್ಲಿಂದ ಬರುವ ಒಂದೇ ಅಕ್ಷರ ಪಟ್ಟಿಯ ಅರ್ಧವನ್ನು ಅಳಿಸಿಹಾಕುತ್ತದೆ.

ಇಲ್ಲೊಂದು ಒಳಗುಟ್ಟು ಹೇಳುತ್ತೇನೆ. ಪದಬಂಧ ಮಾಡುವವರಿಗೆ ಕೆಲವು ಅಕ್ಷರಗಳೆಂದರೆ ಇಷ್ಟ, ಕೆಲವೆಂದರೆ ತಲೆನೋವು. ‘ರಿ’ ಬಹಳ ಇಷ್ಟ. ಕೊಡಗಿನವರಿಗಂತೂ ಇನ್ನೂ ಇಷ್ಟ: ಮಡಿಕೇರಿ, ಕಾವೇರಿ, ಬ್ರಹ್ಮಗಿರಿ, ಪುತ್ತರಿ, ಎಲ್ಲವೂ ‘ರಿ’ಯಲ್ಲೇ ಮುಗಿಯುತ್ತವೆ. ಇವುಗಳ ಕೊನೆಗೆ ಎರಡಕ್ಷರದ ಒಪ್ಪಿಗೆಯೊಂದು ಬಂದು ಸೇರಿದರೆ ಅದು ‘ಸರಿ’ ಅಂತ ಧೈರ್ಯವಾಗಿ ಬರೆಯಿರಿ. ಆದರೆ ಸೇರುವ ಪದ ‘ಸಹ್ಯಾದ್ರಿ’ ಆದರೆ? ಕೊನೆಯ ಅಕ್ಷರ ‘ರಿ’ ಅಲ್ಲ, ‘ದ್ರಿ’. ಉತ್ತರ ‘ಹೌದ್ರಿ’. ಸುಳಿವಿನಲ್ಲಿ ಧಾರವಾಡ ಇದೆಯಾ ನೋಡಿ, ಇದ್ದೇ ಇರುತ್ತದೆ.

‘ಹೌ’ ತಲೆನೋವಿನ ಅಕ್ಷರ. ಅದನ್ನು ಹಿಡಿದುಕೊಂಡಿರುವ ಕನ್ನಡ ಪದ ಬಹಳ ಕಡಿಮೆ. ‘ಹೌಹಾರು’ ಬಿಟ್ಟರೆ ನನಗೆ ಥಟ್ಟನೆ ಹೊಳೆಯುವುದಿಲ್ಲ. ಹಾಗಾಗಿ ಒಪ್ಪಿಗೆಯ ಮೊದಲ ಚೌಕವನ್ನು ಬೇರೆ ಪದವೊಂದು ದಾಟಿ ಹೋಗಿದ್ದರೆ ಉತ್ತರ ‘ಹೌದು’ ಆಗಿರುವ ಸಾಧ್ಯತೆ ಕಡಿಮೆ. ಎರಡನೇ ಚೌಕ ಮಾತ್ರ ದಾಟಿದ್ದರೆ, ಅಲ್ಲೊಂದು ‘ಕುದುರೆ’ಯೋ ‘ಅದು’ವೋ ಇದ್ದರೆ, ‘ಹೌದು’ ಸಲೀಸು.

‘ಆಯಿತು’ ನಮಗೆ ವರ. ಮಧ್ಯದ ‘ಯಿ’ಗೆ ತಾಯಿ, ನಾಯಿ, ಬಾಯಿ, ಕಾಯಿ ಯಾವುದೂ ಆಗುತ್ತದೆ. ಮೂರು ಚೌಕದ ಒಪ್ಪಿಗೆಯ ನಡುವೆ ‘ಯಿ’ ಕಂಡರೆ ಮುಂದೆ ಯೋಚಿಸುವುದೇ ಬೇಡ.

ಹಂತ 5: ಯಾರ ನಾಲಿಗೆ ಅಂತ ಕೇಳಿಕೊಳ್ಳಿ

ಸುಳಿವಿನಲ್ಲಿ ಊರಿನ ಹೆಸರೋ ಸಮುದಾಯದ ಹೆಸರೋ ಸುಮ್ನೆ ಬಂದಿರುವುದಿಲ್ಲ. ಹುಬ್ಬಳ್ಳಿ, ಧಾರವಾಡ ಅಂದರೆ ಆತು, ಹೌದ್ರಿ. ತುಳುವರ ಹೌದು ‘ಅಂದ್’, ಅವರ ಸರಿ ‘ಆವು’. ಹವ್ಯಕರ ಹೌದು ‘ಅಪ್ಪು’, ಅವರ ಆಗಲಿ ‘ಅಕ್ಕು’. ‘ಹವ್ಯಕರ ಮನೆಯಲ್ಲಿ ಹೌದು, ನಾಡಿಗೆಲ್ಲ ಪವರ್ ಸ್ಟಾರ್ (2)’ ಅಂತ ಕೊಟ್ಟಾಗ ಹೆಚ್ಚಿನವರು ಎರಡನೇ ಅರ್ಧದಿಂದಲೇ ಬಿಡಿಸಿದರು. ಬಿಡಿಸಿದರೆ ಸಾಕು, ಯಾವ ತುದಿಯಿಂದ ಅನ್ನುವುದು ಮುಖ್ಯವಲ್ಲ.

‘ಕುಟ್ಟದ ಗಡಿ ದಾಟಿದ ಮೇಲೆ ಸರಿ (2)’. ಕುಟ್ಟದಿಂದ ಆಚೆ ವಯನಾಡು, ಅಲ್ಲಿ ಮಲಯಾಳ. ಉತ್ತರ ‘ಶರಿ’. ಇಲ್ಲಿ ‘ಸರಿ’ ಬರೆದವರೇ ಹೆಚ್ಚು. ಒಂದು ವಿಷಯ ಗಮನಿಸಿ: ಸುಳಿವಿನಲ್ಲೇ ಇರುವ ಪದ ಉತ್ತರವಾಗಿ ಬರುವುದಿಲ್ಲ. ‘ಸರಿ’ ಅಂತ ಸುಳಿವಿನಲ್ಲಿ ಅಚ್ಚಾಗಿದ್ದರೆ ಪಟ್ಟಿಯಿಂದ ಅದನ್ನು ಹೊಡೆದುಹಾಕಿ.

ಕೊಡವ ತಕ್ಕ್, ಅಂದರೆ ಕೊಡವ ಭಾಷೆಯ ಪದ ಯಾಕೆ ಹಾಕುವುದಿಲ್ಲ ಅಂತ ತುಂಬಾ ಜನ ಕೇಳಿದ್ದಾರೆ. ಅದರ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಹೊಂದುವ ಅಕ್ಷರವಿಲ್ಲ. ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಪದಬಂಧದಲ್ಲಿ ಎರಡು ಕಾಗುಣಿತಕ್ಕೆ ಜಾಗ ಇಲ್ಲ. ಜಗಳ ಮಾಡಿಕೊಳ್ಳುವ ಬದಲು ಬಿಟ್ಟಿದ್ದೇನೆ.

ಹಂತ 6: ಸುಳಿವು ಆಟ ಆಡುತ್ತಿದೆಯಾ?

ನೇರವಾಗಿ ಹೋಗಿ ಸೋತರೆ ಮಾತ್ರ ಈ ಹಂತಕ್ಕೆ ಬನ್ನಿ. ಮೊದಲೇ ಇಲ್ಲಿಗೆ ಬಂದರೆ ಇಲ್ಲದ ಗುಟ್ಟು ಹುಡುಕುತ್ತಾ ಕೂರುತ್ತೀರಿ.

‘ಸರಿ’ಗೆ ಒಪ್ಪಿಗೆಯ ಜೊತೆ ಪಕ್ಕಕ್ಕೆ ಹೋಗು ಅನ್ನುವ ಅರ್ಥವೂ ಇದೆ, ಸಮ ಅನ್ನುವ ಅರ್ಥವೂ ಇದೆ. ‘ಪಕ್ಕಕ್ಕೆ ಹೋಗು, ಒಪ್ಪಿಗೆಯಿದ್ದರೆ (2)’ ಅಂತ ಎರಡು ಅರ್ಥಗಳನ್ನು ಅಕ್ಕಪಕ್ಕ ಇಟ್ಟರೆ ವಾಕ್ಯ ಒಂದೇ ಥರ ಕಾಣುತ್ತದೆ. ಅಲ್ಪವಿರಾಮದಲ್ಲಿ ಕತ್ತರಿಸಿ ಎರಡು ಸುಳಿವು ಅಂತ ಓದಿ.

‘ಹೌದಪ್ಪ’ ಒಪ್ಪಿಗೆಯೂ ಹೌದು, ಎಲ್ಲದಕ್ಕೂ ತಲೆಯಾಡಿಸುವ ಮನುಷ್ಯನೂ ಹೌದು. ‘ಸಾಹೇಬರ ಹಿಂದೆ ಸುತ್ತುವವ (3)’ ಅಂತ ಬಂದರೆ ಒಪ್ಪಿಗೆಯ ಸುದ್ದಿಯೇ ಇರುವುದಿಲ್ಲ, ಆದರೂ ಉತ್ತರ ಅದೇ. ‘ಮಾತಿಲ್ಲದ ಒಪ್ಪಿಗೆ (2)’ ಅಂತ ಬಂದರೆ ‘ಸರಿ’, ‘ಹೌದು’ ಎರಡನ್ನೂ ಬಿಟ್ಟು ‘ಮೌನ’ ಬರೆಯಿರಿ. ಮೌನಂ ಸಮ್ಮತಿ ಲಕ್ಷಣಂ ಅಂತ ಕೇಳಿದ್ದೀರಲ್ಲ.

ನನಗೆ ತುಂಬಾ ಇಷ್ಟವಾದದ್ದು ಇದು: ‘ಒಪ್ಪಿಗೆಯ ಪಕ್ಕ ರಹಸ್ಯ, ಕಥೆ ಕೇಳುವಾಗ ಹೀಗೆ ಮಾಡು (3)’. ಒಪ್ಪಿಗೆ ‘ಹೂಂ’, ರಹಸ್ಯ ‘ಗುಟ್ಟು’. ಸೇರಿಸಿದರೆ ‘ಹೂಂಗುಟ್ಟು’. ಒಬ್ಬರು ‘ಸರಿಗುಟ್ಟು’ ಅಂತ ಬರೆದು ಕಳಿಸಿದ್ದರು. ಚೌಕ ನಾಲ್ಕಾಯಿತು, ಪದವೂ ಇಲ್ಲ. ಆದರೆ ದಾರಿ ಸರಿಯಿತ್ತು.

ದಾರಿ ತಪ್ಪಿದ್ದೀರಿ ಅನ್ನುವ ಗುರುತುಗಳು

ಒಂದು ಚೌಕದಲ್ಲಿ ಎರಡಕ್ಷರ ತುರುಕಬೇಕು ಅನ್ನಿಸಿದರೆ ನಿಲ್ಲಿಸಿ. ಆ ಚೌಕ ತಪ್ಪಿರುವುದಿಲ್ಲ, ಅದರ ಪಕ್ಕದ್ದು ತಪ್ಪಿರುತ್ತದೆ.

ಅಡ್ಡ ಪದ ಅರ್ಥವಿಲ್ಲದೆ ಬಂದರೆ ಒಪ್ಪಿಗೆಯನ್ನೇ ಮೊದಲು ಅಳಿಸಿ. ಜನ ಉಲ್ಟಾ ಮಾಡುತ್ತಾರೆ. ಒಪ್ಪಿಗೆ ಸುಲಭವಾಗಿ ಹೊಳೆದದ್ದರಿಂದ ಅದೇ ಖಚಿತ ಅನ್ನಿಸಿ, ಕಷ್ಟಪಟ್ಟು ಬಿಡಿಸಿದ ಇನ್ನೊಂದನ್ನು ಅಳಿಸುತ್ತಾರೆ. ಸುಲಭವಾಗಿ ಹೊಳೆದದ್ದಕ್ಕೆ ಬದಲಿ ಪದಗಳೂ ಜಾಸ್ತಿ ಅನ್ನುವುದು ನೆನಪಿರಲಿ.

ದೀರ್ಘ ನೋಡಿಕೊಳ್ಳಿ. ‘ಆಗಲಿ’ ಒಪ್ಪಿಗೆ, ‘ಅಗಲಿ’ ಅಂದರೆ ಬಿಟ್ಟುಹೋಗಿ. ಅಡ್ಡ ಪದದಿಂದ ಹ್ರಸ್ವ ‘ಅ’ ಬಂದಿದ್ದರೆ ಅದನ್ನು ಮೆಲ್ಲಗೆ ‘ಆ’ ಮಾಡಿಬಿಡುವ ಬುದ್ಧಿ ಬೇಡ. ‘ಅ’ದಲ್ಲಿ ಶುರುವಾಗುವ ಒಪ್ಪಿಗೆಗಳೂ ಇವೆ: ಅಸ್ತು, ಅಡ್ಡಿಯಿಲ್ಲ.

‘ಹೌದಾ’, ‘ಹೌದೇ’ ಬರೆಯಬೇಡಿ. ಅವು ಪ್ರಶ್ನೆ. ‘ಭಲೇ’, ‘ಭೇಷ್’ ಕೂಡ ಬೇಡ. ಅವು ಹೊಗಳಿಕೆ.

ಇಂಗ್ಲಿಷ್ ಕ್ರಾಸ್‌ವರ್ಡ್‌ನಲ್ಲಿ ಇದೇ ಸುಳಿವು ಬಂದರೆ

ಇಲ್ಲಿಯ ಮನೆಗಳಲ್ಲಿ ಎರಡೂ ಪೇಪರ್ ಬರುವುದು ಹೊಸತಲ್ಲ, ಅದಕ್ಕೆ ಇದನ್ನೂ ಸೇರಿಸಿದ್ದೇನೆ. ಹಂತಗಳು ಇವೇ, ಲೆಕ್ಕ ಮಾತ್ರ ಬೇರೆ. ಅಲ್ಲಿ ಎಣಿಸುವುದು ಬಿಡಿ ಅಕ್ಷರ. ‘ಯಾ’ ನಮಗೆ ಒಂದು ಚೌಕ, ಅವರಿಗೆ ವೈ-ಇ-ಎ-ಎಚ್ ಅಂತ ನಾಲ್ಕು.

ಮೂರು ಚೌಕಕ್ಕೆ ಯೆಪ್, ಯಪ್, ಅಯ್. ಈ ಮೊದಲಿನ ಎರಡರ ನಡುವೆ ವ್ಯತ್ಯಾಸ ನಡುವಿನ ಒಂದೇ ಅಕ್ಷರ, ಇ ಅಥವಾ ಯು. ತುದಿಯ ವೈ ಮತ್ತು ಪಿ ಬರೆದು ನಡುವೆ ಖಾಲಿ ಬಿಡಿ. ಅಡ್ಡ ಪದ ಬಂದ ಮೇಲೆ ತುಂಬಿ. ‘ಅಯ್’ ಬರುವುದಾದರೆ ಸುಳಿವಿನಲ್ಲಿ ಹಡಗೋ ಸ್ಕಾಟ್ಲೆಂಡೋ ಸಾಮಾನ್ಯವಾಗಿ ಇರುತ್ತದೆ. ನಾಲ್ಕಕ್ಕೆ ಯಾ, ಶೂರ್, ಪೂರ್ತಿ ಕಾಗುಣಿತದ ಓಕೆ. ಐದಕ್ಕೆ ರೋಜರ್, ಅಥವಾ ನಮ್ಮ ‘ಹೂಂ’ನ ಅಣ್ಣನಂತಿರುವ, ಯು-ಎಚ್-ಎಚ್-ಯು-ಎಚ್ ಅಂತ ಬರೆಯುವ ಅಹ್‌ಹಾ. ಆರಕ್ಕೆ ರೈಟೊ, ಯೂಬೆಟ್. ಒಂಬತ್ತಾದರೆ ಓಕಿಡೋಕಿ.

ಅಮೆರಿಕದ ಬಗೆಯ ಚೌಕಗಳಲ್ಲಿ ಪ್ರತಿ ಅಕ್ಷರವನ್ನೂ ಇನ್ನೊಂದು ಪದ ದಾಟುತ್ತದೆ, ಆದ್ದರಿಂದ ಕಾಯುವುದು ಲಾಭ. ಬ್ರಿಟಿಷ್ ಬಗೆಯಲ್ಲಿ ಸುಮಾರು ಅರ್ಧ ಅಕ್ಷರಗಳಿಗೆ ಆ ಆಸರೆ ಇರುವುದಿಲ್ಲ. ಅಲ್ಲಿ ಸುಳಿವನ್ನು ಇನ್ನೊಮ್ಮೆ ಓದುವುದೇ ಗತಿ.

ಈಗ ಆ ಮೂಲೆಯನ್ನು ಬಿಡಿಸೋಣ

ಟೀಚರಮ್ಮನ ಹಾಳೆಗೆ ವಾಪಸ್. ‘ಆಡುಮಾತಿನ ಒಪ್ಪಿಗೆ (2)’. ‘ಆಡುಮಾತಿನ’ ಇದೆ, ಅಂದರೆ ಬಾಯಿಂದ ಬರುವ ಮಾತು. ಯಾವ ಬಗೆಯ ಒಪ್ಪಿಗೆ ಅಂತ ಸೂಚನೆ ಇಲ್ಲ. ಚೂರು ಕಾಗದದ ಮೇಲೆ ಸರಿ, ಹೌದು, ಆಯ್ತು, ಆಗ್ಲಿ, ಓಕೆ, ಹೂನು ಅಂತ ಬರೆದೆವು.

ಮೊದಲ ಚೌಕದಿಂದ ಕೆಳಕ್ಕೆ ‘ದುಬಾರೆ ಶಿಬಿರದ ನಿವಾಸಿ (2)’. ಒಪ್ಪಿಗೆಯನ್ನು ಮರೆತು ಇದನ್ನಷ್ಟೇ ಓದಿದರೆ ಮಕ್ಕಳೂ ಹೇಳುತ್ತಾರೆ: ಆನೆ. ಹಾಗಾದರೆ ಒಪ್ಪಿಗೆಯ ಮೊದಲಕ್ಷರ ‘ಆ’. ಸರಿ, ಹೌದು, ಓಕೆ, ಹೂನು ಹೋದವು. ಉಳಿದದ್ದು ಆಯ್ತು, ಆಗ್ಲಿ.

ಎರಡನೇ ಚೌಕದ ಮೇಲಿನದು ‘ಹೋ’. ಅದು ಮೇಲಿನ ಸಾಲಿನ ‘ಒಬ್ಬಟ್ಟಿನ ಇನ್ನೊಂದು ಹೆಸರು (3)’, ಹೋಳಿಗೆಯಿಂದ ಮೊದಲೇ ಸಿಕ್ಕಿತ್ತು. ಈಗ ‘ಮಳೆ ಬಂತು, ಕರೆಂಟ್ ...’ ಹೋಯ್ತಾ, ಹೋಗ್ಲಿಯಾ? ಚೌಕದ ಲೆಕ್ಕದಲ್ಲಿ ಎರಡೂ ಕೂರುತ್ತವೆ. ಇಂಥ ಕಡೆ ಸುಳಿವಿನ ಕಾಲ ನೋಡಿ. ‘ಬಂತು’ ಅಂದರೆ ಆಗಿಹೋದದ್ದು, ಅದರ ಜೋಡಿಯೂ ಆಗಿಹೋದದ್ದೇ ಇರಬೇಕು. ಹೋಯ್ತು. ಹಾಗಾಗಿ ಒಪ್ಪಿಗೆ ‘ಆಯ್ತು’.

ಟೀಚರಮ್ಮ ಪೆನ್ನಿನ ಗೀಟುಗಳ ಮೇಲೆಯೇ ‘ಆಯ್ತು’ ಅಂತ ದಪ್ಪಗೆ ತಿದ್ದಿದರು. ‘ಸಲಗ’ವನ್ನು ಮಾತ್ರ ಅಳಿಸಲು ಮನಸ್ಸಾಗಲಿಲ್ಲ. “ಸಲಗವೂ ಆನೆಯೇ ಅಲ್ವಾ?” ಅಂದರು. ನಾನು “ಹೂಂ” ಅಂದೆ, ಮೂರನೇ ಬಗೆಯದ್ದು.